ಕ್ಯಾಮೆರಾ ತಾನಾಗಿ ಬೆಟ್ಟ ಹತ್ತಿತೇ?

ಕಳೆದ ವಾರ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಚಿಕ್ಕ ಜಗಳ ನಡೆಯಿತು. ಜಗಳಕ್ಕೆ ಕಾರಣ ಹಿಮಚಿರತೆ! ಗಣಿತದ ಮೇಷ್ಟರೊಬ್ಬರು, "ಕಾಡಿನ ಕೆಲಸವೂ ಈಗ ಸುಲಭವಾಯಿತು ಬಿಡಿ ಸ್ವಾಮಿ. ಕ್ಯಾಮೆರಾ ಇಟ್ಟು ಬಂದರಾಯಿತು, ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ. 718 ಹಿಮಚಿರತೆ ಎಂದು ಎಣಿಸಿಕೊಟ್ಟಿತಲ್ಲ!" ಎಂದರು. ಹಳಗನ್ನಡ ಪಾಠ ಹೇಳುವವನಿಗೆ ಹಿಮಾಲಯದ ಉಸಾಬರಿ ಏಕೆಂದು ನಾನು ಸುಮ್ಮನಿರಬಹುದಾಗಿತ್ತು. ಇರಲಾಗಲಿಲ್ಲ.

ಮೊದಲು ಲೆಕ್ಕ ಸರಿಯಾಗಲಿ. ನಮ್ಮ ದೇಶದ ಹಿಮಚಿರತೆಗಳ ಮೊದಲ ವ್ಯಾಪಕ ಗಣತಿ 2019ರಿಂದ 2023ರವರೆಗೆ ನಡೆದು, 2024ರ ಜನವರಿಯಲ್ಲಿ ಪ್ರಕಟವಾಯಿತು. 1,971 ಸ್ಥಳಗಳಲ್ಲಿ ಕ್ಯಾಮೆರಾಗಳಿದ್ದವು. ಅವುಗಳ ಚಿತ್ರಗಳಲ್ಲಿ ಬೇರೆ ಬೇರೆಯೆಂದು ಗುರುತಿಸಲಾದ ಚಿರತೆಗಳು 241 ಮಾತ್ರ. 718 ಎಂಬುದು ಆ ಆಧಾರದ ಮೇಲೆ ಕಟ್ಟಿದ ಅಂದಾಜು; ಅದರಲ್ಲಿ ಲಡಾಖಿನ ಪಾಲು 477. ಇದರ ಜೊತೆಗೆ ಹೆಜ್ಜೆ, ಹಿಕ್ಕೆ, ನೆಲ ಕೆರೆದ ಗುರುತುಗಳನ್ನು ಹುಡುಕುತ್ತ ಕ್ರಮಿಸಿದ ಹಾದಿ 13,450 ಕಿಲೋಮೀಟರು. ಭಾರತದ ದಕ್ಷಿಣೋತ್ತರ ಉದ್ದ 3,214 ಕಿಲೋಮೀಟರು. ಅದರ ನಾಲ್ಕರಷ್ಟಕ್ಕಿಂತ ಹೆಚ್ಚಾಯಿತು. ಇಷ್ಟು ದೂರವನ್ನು ಕ್ಯಾಮೆರಾ ಅಳೆಯಲಿಲ್ಲ. ಗಣತಿಯ ಪಾಲುದಾರರಲ್ಲಿ ಮೈಸೂರಿನ ಸಂಸ್ಥೆಯೂ ಒಂದಿತ್ತು. ಆದ್ದರಿಂದ ಇದು ಎಲ್ಲಿಯದೋ ದೂರದ ಸುದ್ದಿಯೆಂದು ನಾವು ತಳ್ಳಿಬಿಡುವಂತೆಯೂ ಇಲ್ಲ.

ನನಗೆ ಈ ವಿಷಯ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಹಿಮಾಚಲದ ಎತ್ತರದ ಕಣಿವೆಯೊಂದರಲ್ಲಿ, ಬೇರೊಂದು ಚಿಕ್ಕ ಸಮೀಕ್ಷೆಯಲ್ಲಿ, ಎರಡು ಋತು ದುಡಿದು ಬಂದವನು. ಕ್ಯಾಮೆರಾ ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಎದುರಿಗೆ ಬಿಸಿಮೈಯ ಪ್ರಾಣಿ ಚಲಿಸಿದರೆ ಚಿತ್ರ ಹಿಡಿಯುತ್ತದೆ, ಅಷ್ಟೆ. ಅದನ್ನು ಎಲ್ಲಿ ಕಟ್ಟಬೇಕೆಂಬುದು ಅದಕ್ಕೆ ತಿಳಿಯದು. ಚಿರತೆ ಯಾವ ಬಂಡೆಯ ಅಡಿಯಲ್ಲಿ ಮೂತ್ರ ಸಿಡಿಸಿ ಗುರುತು ಮಾಡುತ್ತದೆ, ಯಾವ ದಿಬ್ಬದ ನೆತ್ತಿಯ ಮೇಲೆ ನಡೆಯುತ್ತದೆ ಎಂಬುದನ್ನು ಬಲ್ಲವರು ಆ ಊರಿನ ಕುರಿಗಾಹಿಗಳು. ಅವರ ಹಿಂದೆ ಹತ್ತಬೇಕು. ಮೊಣಕಾಲೆತ್ತರಕ್ಕೆ ಪೆಟ್ಟಿಗೆ ಬಿಗಿಯಬೇಕು. ಎದುರಿನ ಹುಲ್ಲನ್ನು ಕಿತ್ತುಹಾಕಬೇಕು. ಇಲ್ಲವಾದರೆ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿ, ಚಿರತೆಯಿಲ್ಲದ ಸಾವಿರ ಚಿತ್ರಗಳು ಬೀಳುತ್ತವೆ. ಚಳಿಗೆ ಬ್ಯಾಟರಿ ಸೊರಗುತ್ತದೆ. ಆಗ ಮತ್ತೆ ಹತ್ತಬೇಕು.

ಈ ಕೆಲಸದ ಸಾರಾಂಶವನ್ನು ಕನ್ನಡದಲ್ಲಿ ಬರೆದು ತಿದ್ದಿಸಿಕೊಳ್ಳಲು ಅವನು ಮನೆಗೆ ಬಂದಿದ್ದ. "ಕ್ಯಾಮೆರಾಗಳನ್ನು ಇಡಲಾಯಿತು. ಬ್ಯಾಟರಿಗಳನ್ನು ಬದಲಾಯಿಸಲಾಯಿತು. ಚಿತ್ರಗಳನ್ನು ಪಡೆಯಲಾಯಿತು."

"ಕರ್ತೃಪದ ಎಲ್ಲಯ್ಯ? ಯಾರು ಇಟ್ಟರು?" ಎಂದೆ.

"ನಾನೇ ಸಾರ್. ನಾನು, ಮತ್ತೆ ಆ ಊರಿನ ಇಬ್ಬರು."

"ಹಾಗಾದರೆ ಹಾಗೆಯೇ ಬರೆ."

"ಹಾಗೆ ಬರೆಯುವ ಪದ್ಧತಿಯಿಲ್ಲ ಸಾರ್."

ನನ್ನ ತಕರಾರು ಇರುವುದು ಈ ಪದ್ಧತಿಯ ಮೇಲೆ. ಕರ್ಮಣಿ ಪ್ರಯೋಗ ನಮ್ಮ ಆಡುಮಾತಿಗೆ ಒಗ್ಗಿದ್ದಲ್ಲ. "ನನ್ನಿಂದ ಊಟ ಮಾಡಲ್ಪಟ್ಟಿತು" ಎಂದು ಯಾವ ಮನೆಯಲ್ಲಿಯೂ ಯಾರೂ ಹೇಳುವುದಿಲ್ಲ. ಕಚೇರಿ ಬರಹದಲ್ಲಿ ಅದನ್ನು ರೂಢಿಸಿಕೊಂಡೆವು. ರೂಢಿಸಿಕೊಂಡಮೇಲೆ ಅದರ ಅನುಕೂಲವೂ ತಿಳಿಯಿತು. ಮಾಡಿದವನ ಹೆಸರು ಹೇಳಬೇಕಾಗಿಲ್ಲ!

ವಿಜ್ಞಾನ ಬಲ್ಲವರು ಹೇಳಬಹುದು: "ಇದು ಅಹಂಕಾರವನ್ನು ದೂರವಿಡುವ ಶಿಸ್ತು. ಯಾರು ಇಟ್ಟರೂ, ಯಾರು ನೋಡಿದರೂ ಫಲ ಒಂದೇ." ಮಾತು ಗೌರವಾರ್ಹವೇ. ಆದರೆ ಫಲ ನಿಜವಾಗಿ ಒಂದೇ ಏನು? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೃಗಾಲಯದ 16 ಹಿಮಚಿರತೆಗಳ ಚಿತ್ರಗಳನ್ನು ಕೊಟ್ಟು, ಯಾವುದು ಯಾವುದೆಂದು ಗುರುತಿಸಲು ಹೇಳಿದರು. ಸುಮಾರು ಎಂಟರಲ್ಲಿ ಒಂದು ಗುರುತು ತಪ್ಪಾಯಿತು, ನುರಿತವರೂ ತಪ್ಪಿದರು. ಒಂದೇ ಚಿರತೆಯನ್ನು ಎರಡೆಂದು ಎಣಿಸಿ, ಒಟ್ಟು ಅಂದಾಜು ಸರಾಸರಿ ಮೂರನೆಯ ಒಂದು ಭಾಗದಷ್ಟು ಉಬ್ಬಿತು. ಅಂದಮೇಲೆ ಮೈಮೇಲಿನ ಮಚ್ಚೆಗಳನ್ನು ಓದುವುದು ಯಂತ್ರದ ಹಿಂದಿನ ಮನುಷ್ಯನ ಕಣ್ಣು. ಕಣ್ಣು ಯಾರದು, ಕಾಲು ಯಾರದು ಎಂದು ಕೇಳುವುದು ವಿಜ್ಞಾನಕ್ಕೆ ಹೊರಗಾದ ಪ್ರಶ್ನೆಯಲ್ಲ.

ಇದು ಬರಿಯ ವ್ಯಾಕರಣದ ಹಟವೂ ಅಲ್ಲ. ಆ ಇಬ್ಬರು ಕುರಿಗಾಹಿಗಳಲ್ಲಿ ಒಬ್ಬನ ಕುರಿಗಳನ್ನು ಹಿಂದಿನ ಚಳಿಗಾಲದಲ್ಲಿ ಹಿಮಚಿರತೆಯೇ ತಿಂದಿತ್ತಂತೆ. ಆದರೂ ಅದರ ಹಾದಿಯನ್ನು ತೋರಿಸಿಕೊಟ್ಟವನು ಅವನೇ. ಋತು ಮುಗಿಯಿತು, ಕೂಲಿ ನಿಂತಿತು. ವರದಿಯಲ್ಲಿ ಅವನ ಪಾಲಿಗೆ ಬಂದದ್ದು "ಸ್ಥಳೀಯರ ಸಹಕಾರ ಪಡೆಯಲಾಯಿತು" ಎಂಬ ಒಂದು ಸಾಲು. ಮಾಡಿದ ಕೆಲಸಕ್ಕೆ ದಾಖಲೆಯೇ ಇಲ್ಲದವನು ಮುಂದಿನ ಋತುವಿನಲ್ಲಿ ಕೂಲಿ ಹೆಚ್ಚಿಸಿರೆಂದು ಯಾವ ಬಾಯಿಂದ ಕೇಳಬೇಕು? ಎಲ್ಲವನ್ನೂ ಕ್ಯಾಮೆರಾ ಮಾಡಿತು ಎಂದಾದರೆ ಕೂಲಿಯಾದರೂ ಏತಕ್ಕೆ?

ನಮ್ಮ ಪತ್ರಿಕೆಗಳೂ ಓದುಗರಾದ ನಾವೂ ಇದರಲ್ಲಿ ನಿರ್ದೋಷಿಗಳಲ್ಲ. "ಕ್ಯಾಮೆರಾಕ್ಕೆ ಸೆರೆಸಿಕ್ಕ ಚಿರತೆ" ಎಂಬ ಶೀರ್ಷಿಕೆಗೆ ನಾವು ಸೋಲುತ್ತೇವೆ. ಚಿತ್ರ ನೋಡಿ, ಕಾಫಿ ಮುಗಿಸಿ ಪುಟ ತಿರುವುತ್ತೇವೆ.

ನಾನು ಕೇಳುವುದು ದೊಡ್ಡದೇನಲ್ಲ. ಹಾದಿ ತೋರಿಸಿದವರು, ಹೊರೆ ಹೊತ್ತವರು, ಪೆಟ್ಟಿಗೆ ಕಟ್ಟಿದವರು, ಇವರು ಒಪ್ಪಿದರೆ ಇವರ ಹೆಸರುಗಳು ವರದಿಯ ಮೊದಲ ಪುಟದಲ್ಲಿರಲಿ. ಎಷ್ಟು ದಿನ ದುಡಿದರೆಂಬುದೂ ಇರಲಿ. ನನ್ನ ವಿದ್ಯಾರ್ಥಿಯ ಬರಹವನ್ನು ಹಾಗೆಯೇ ತಿದ್ದಿ ಕಳುಹಿಸಿದ್ದೇನೆ. ಮೇಲಿನವರು ಮತ್ತೆ "ಇಡಲಾಯಿತು" ಎಂದು ಮಾಡಿದರೆ, ಯಾರು ಹಾಗೆ ಮಾಡಿದರೆಂದು ಹೆಸರು ಹಾಕಿ ತಿಳಿಸುವಂತೆ ಕೇಳಿಕೊಂಡಿದ್ದೇನೆ.