ಗಾಡಿಯ ಗುಟ್ಟು: ಒಮ್ಮೊಮ್ಮೆ ಒದೆಯುವ ಗೇರು

ರಾತ್ರಿಯೆಲ್ಲ ಹಲ್ಲುನೋವಿನಿಂದ ನರಳಿದವನು ಬೆಳಗ್ಗೆ ವೈದ್ಯರ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನೋವು ಮಾಯವಾಗಿರುವುದುಂಟು. ಹಲ್ಲಿಗಿರುವ ಈ ಕುಚೋದ್ಯದ ಬುದ್ಧಿ ಮೋಟಾರು ಗಾಡಿಯ ಗೇರುಪೆಟ್ಟಿಗೆಗೂ ಇದೆ. ಸದಾ ಕೆಟ್ಟಿರುವ ಯಂತ್ರವನ್ನು ಸರಿಪಡಿಸುವುದು ಸುಲಭ. ಮನಸ್ಸು ಬಂದಾಗ ಮಾತ್ರ ಕೆಡುವ ಯಂತ್ರದ ರೋಗವನ್ನು ಹಿಡಿಯುವುದೇ ಕಷ್ಟ.

ನಿದರ್ಶನಕ್ಕಾಗಿ ಶಿಕಾರಿಪುರದ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿ ನಿವೃತ್ತರಾದ ಮೇಷ್ಟ್ರು. ಎಡಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ಚು ತುಳಿಯುವುದು ಅವರಿಂದಾಗದು. ಆದಕಾರಣ ಗೇರನ್ನು ತಾನೇ ಬದಲಾಯಿಸಿಕೊಳ್ಳುವ, 15 ವರ್ಷ ಹಳೆಯದಾದ ಗಾಡಿಯೊಂದನ್ನು ಕೊಂಡಿದ್ದಾರೆ. ಮಗಳನ್ನು ಕೊಟ್ಟಿರುವುದು ಸೊರಬಕ್ಕೆ. ವಾರಕ್ಕೊಮ್ಮೆ ದಂಪತಿಗಳಿಬ್ಬರೂ ಶಿರಾಳಕೊಪ್ಪದ ಮಾರ್ಗವಾಗಿ ಅಲ್ಲಿಗೆ ಹೋಗಿ, ಮೊಮ್ಮಗುವನ್ನು ಎತ್ತಿ ಆಡಿಸಿ, ಸಂಜೆಗೆ ಹಿಂದಿರುಗುತ್ತಾರೆ. ಯಾರ ಹಂಗೂ ಇಲ್ಲದ ಈ ಪ್ರಯಾಣವೇ ಅವರ ಮುಪ್ಪಿನ ಸಂತೋಷ.

ಒಂದು ಮಳೆಗಾಲದಲ್ಲಿ ಗಾಡಿ ಒದೆಯಲಾರಂಭಿಸಿತು. ಗೇರು ಬದಲಾಗುವ ಕ್ಷಣದಲ್ಲಿ ಯಾರೋ ಹಿಂದಿನಿಂದ ಗುದ್ದಿದಂತೆ ಒಂದು ಪೆಟ್ಟು. ಒಂದು ದಿನ ಹತ್ತು ಸಲ. ಮರುದಿನ ಒಂದು ಸಲವೂ ಇಲ್ಲ. ಶಿವಮೊಗ್ಗೆಗೆ ಕೊಂಡೊಯ್ದು ತೋರಿಸಿದರೆ, ಮೆಕ್ಯಾನಿಕ್ಕನ ಮುಂದೆ ಅದು ಹಸುವಿನಷ್ಟು ಸಾಧು.

“ಪೆಟ್ಟಿಗೆ ಇಳಿಸಿ ಪೂರ್ತಿ ಬಿಚ್ಚಲೇಬೇಕು, ಮೇಷ್ಟ್ರೇ,” ಎಂದು ಆತನ ತೀರ್ಪು. ಖರ್ಚು ಕೇಳಿದರೆ ಗಾಡಿಯ ಬೆಲೆಯಲ್ಲಿ ಅರ್ಧ.

“ಮಾರಿಬಿಡಿ ಅಪ್ಪಾ, ಬಸ್ಸಿದೆಯಲ್ಲ,” ಎಂದು ಬೆಂಗಳೂರಿನಿಂದ ಮಗನ ಸಲಹೆ. ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪಬೇಕೆಂಬುದು ಮಗನಿಗೆ ಹೊಳೆಯಲಿಲ್ಲ.

ಗೇರುಪೆಟ್ಟಿಗೆಯ ಒಳಗೆ ನಡೆಯುವುದೇನೆಂದು ಸ್ವಲ್ಪ ತಿಳಿದರೆ ಈ ಒದೆತದ ಅರ್ಥವೂ ತಿಳಿಯುತ್ತದೆ. ಎದುರುಬದುರಾಗಿಟ್ಟ ಎರಡು ಬೀಸಣಿಗೆಗಳಲ್ಲಿ ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆಯನ್ನು ಬಳಸಿ ಇದೇ ತತ್ತ್ವದಿಂದ ಶಕ್ತಿಯನ್ನು ಸಾಗಿಸುವ ಉಪಾಯಕ್ಕೆ ಜರ್ಮನಿಯ ಹೆರ್ಮಾನ್ ಫೋಟಿಂಗರ್ 1905ರಲ್ಲಿ ಹಕ್ಕುಪತ್ರ ಪಡೆದನು. ಅವನ ಲಕ್ಷ್ಯವಿದ್ದುದು ಹಡಗುಗಳ ಮೇಲೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1939ರಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಪೂರ್ಣ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ತಂದಿತು. ಇಂದಿನ ಗಾಡಿಗಳಲ್ಲಿ ಕ್ಲಚ್ಚಿನ ಸ್ಥಾನದಲ್ಲಿ ಕೂತಿರುವ ಟಾರ್ಕ್ ಕನ್ವರ್ಟರು ಆ ಬೀಸಣಿಗೆಗಳ ಸಂತಾನವೇ. ಅದರ ಹಿಂದೆ ಸೂರ್ಯನ ಸುತ್ತ ಗ್ರಹಗಳಂತೆ ತಿರುಗುವ ಹಲ್ಲುಗಾಲಿಗಳಿವೆ. ಯಾವ ಗಾಲಿ ನಿಲ್ಲಬೇಕು, ಯಾವುದು ತಿರುಗಬೇಕು ಎಂಬುದನ್ನು ಸಣ್ಣ ಸಣ್ಣ ಕ್ಲಚ್ಚುಬಿಲ್ಲೆಗಳ ಕಟ್ಟುಗಳು ನಿರ್ಧರಿಸುತ್ತವೆ. ಈ ಬಿಲ್ಲೆಗಳನ್ನು ಅದುಮುವ ಕೈ ಯಾವುದೆಂದರೆ ಎಣ್ಣೆಯ ಒತ್ತಡ.

ಗುಟ್ಟೆಲ್ಲ ಈ ಒತ್ತಡದಲ್ಲಿದೆ. ಒತ್ತಡ ಹದವಾಗಿದ್ದರೆ ಬಿಲ್ಲೆಗಳು ಮೆಲ್ಲನೆ ಜಾರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಳಗೆ ಕುಳಿತವರಿಗೆ ಅರಿವೇ ಆಗದು. ಕಡಿಮೆಯಾದರೆ ಬಿಲ್ಲೆಗಳು ಜಾರುತ್ತ ಸುಟ್ಟುಹೋಗುತ್ತವೆ. ಹೆಚ್ಚಾದರೆ ಒಮ್ಮೆಲೆ ಕಚ್ಚಿಕೊಂಡು ಗಾಡಿಯನ್ನು ಮುಂದಕ್ಕೆ ನೂಕುತ್ತವೆ. ಚಾಲಕನು ಆಕ್ಸಿಲರೇಟರನ್ನು ಬಲವಾಗಿ ತುಳಿದಾಗ ಒತ್ತಡ ಏರಬೇಕು, ಹಗುರವಾಗಿ ತುಳಿದಾಗ ಇಳಿಯಬೇಕು. ಬಹು ಹಳೆಯ ಗಾಡಿಗಳಲ್ಲಿ ಈ ಸುದ್ದಿಯನ್ನು ಒಂದು ಕೇಬಲ್ಲಾಗಲಿ ಇಂಜಿನಿನಿಂದ ಬರುವ ರಬ್ಬರು ನಳಿಕೆಯಾಗಲಿ ಮುಟ್ಟಿಸುತ್ತಿತ್ತು. ಆಮೇಲಿನ ಗಾಡಿಗಳಲ್ಲಿ ಒಂದು ಸಣ್ಣ ಗಣಕಯಂತ್ರ ಲೆಕ್ಕ ಹಾಕಿ, ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಗಳಿಗೆ ಅಪ್ಪಣೆ ಕೊಡುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಬಿಲ್ಲೆ ಜಾರಿದರೆ ಗೇರುಪೆಟ್ಟಿಗೆಯೇ ಹಾಳು. ಒದೆತದಿಂದಾದರೆ ಸವಾರನಿಗೆ ಸ್ವಲ್ಪ ಅಲುಗಾಟ ಮಾತ್ರ. ಆದ್ದರಿಂದ ಕವಾಟಕ್ಕೆ ಬರುವ ವಿದ್ಯುತ್ತು ತಪ್ಪಿದಾಗ ಪೂರ್ಣ ಒತ್ತಡ ನಿಲ್ಲುವಂತೆ ಅನೇಕ ಗೇರುಪೆಟ್ಟಿಗೆಗಳನ್ನು ರಚಿಸಲಾಗಿದೆ. ಕೆಲವು ಗಾಡಿಗಳು ಇಂಥ ಸಮಯದಲ್ಲಿ ಒಂದೇ ಗೇರಿನಲ್ಲಿ ನಿಂತು, ಕುಂಟುತ್ತಲಾದರೂ ಮನೆ ಸೇರುವಷ್ಟು ಓಡುತ್ತವೆ. ಅಂದರೆ ಒದೆತವು ಎಷ್ಟೋ ಸಲ ಗೇರುಪೆಟ್ಟಿಗೆಯ ಆತ್ಮರಕ್ಷಣೆ. ಸವೆದ ಬಿಲ್ಲೆ ಮರುದಿನ ತಾನಾಗಿ ಗುಣವಾಗುವುದಿಲ್ಲ. ಒಮ್ಮೆ ಬಂದು ಒಮ್ಮೆ ಹೋಗುವ ರೋಗಕ್ಕೆ ಮೊದಲು ಶಂಕಿಸಬೇಕಾದುದು ಎಣ್ಣೆಯನ್ನು, ತಂತಿಯನ್ನು, ಸಡಿಲವಾದ ಜೋಡಣೆಯನ್ನು.

ಮೇಷ್ಟ್ರ ಕಥೆಗೆ ಹಿಂದಿರುಗಿದರೆ, ಸೊರಬದಲ್ಲಿ ಅವರ ಹಳೆಯ ಶಿಷ್ಯನೊಬ್ಬ ಗಾಡಿಗಳ ವಿದ್ಯುತ್ ಕೆಲಸ ಮಾಡುತ್ತಾನೆ. ಅಳಿಯನು ಅವನಲ್ಲಿಗೆ ಕರೆದೊಯ್ದನು. ಶಿಷ್ಯನು ಬಾನೆಟ್ಟನ್ನು ಎತ್ತುವ ಮೊದಲೇ ಕೇಳಿದನು:

“ಯಾವಾಗ ಒದೆಯುತ್ತದೆ, ಸಾರ್?”

“ಯಾವಾಗಲಾದರೂ ಒದೆಯುತ್ತದಪ್ಪ. ಅದಕ್ಕೆ ಲೆಕ್ಕವಿಲ್ಲ.”

“ಲೆಕ್ಕವಿಲ್ಲದ್ದು ಯಾವುದೂ ಇಲ್ಲ ಎಂದು ತರಗತಿಯಲ್ಲಿ ತಾವೇ ಹೇಳುತ್ತಿದ್ದಿರಿ. ಬರೆದಿಡದೆ ಲೆಕ್ಕ ಮಾಡಿದರೆ ಅಂಕ ಕೊಡುತ್ತಿರಲಿಲ್ಲ.”

ಮೇಷ್ಟ್ರು ನಕ್ಕು ತಲೆತಗ್ಗಿಸಿದರು. ಅಂದಿನಿಂದ ಅವರ ಪತ್ನಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಒಂದು ಪಟ್ಟಿಯನ್ನು ತೆರೆದರು. ಪ್ರತಿ ಒದೆತಕ್ಕೂ ಆರು ಪ್ರಶ್ನೆಗಳು: ಯಾವ ಗೇರಿನಿಂದ ಯಾವ ಗೇರಿಗೆ? ಇಂಜಿನು ತಣ್ಣಗಿತ್ತೇ, ಬಿಸಿಯಾಗಿತ್ತೇ? ಕಾಲಿನ ಒತ್ತು ಹಗುರವೋ ಬಲವೋ? ಏರುದಾರಿಯೋ ಸಮತಟ್ಟೋ? ಮಳೆಯಿತ್ತೇ? ದೀಪ, ವೈಪರು, ತಂಪುಯಂತ್ರ ಇವುಗಳಲ್ಲಿ ಯಾವುದು ನಡೆಯುತ್ತಿತ್ತು?

ಇಂಥ ಪಟ್ಟಿ ಏನು ಹೇಳಬಲ್ಲುದು? ಒದೆತವು ಸದಾ ಒಂದೇ ಗೇರಿಗೆ ಅಂಟಿಕೊಂಡಿದ್ದರೆ ಆ ಗೇರಿಗೆ ಸಂಬಂಧಪಟ್ಟ ಸೊಲೆನಾಯ್ಡು, ಕವಾಟ, ಅಥವಾ ಪೆಟ್ಟನ್ನು ಮೆತ್ತಗಾಗಿಸುವ ಅಕ್ಯುಮ್ಯುಲೇಟರು ಎಂಬ ಸ್ಪ್ರಿಂಗಿನ ಕೊಂತದ ಮೇಲೆ ಸಂದೇಹ. ಎಲ್ಲ ಗೇರುಗಳಲ್ಲೂ ಇದ್ದರೆ ಒತ್ತಡವನ್ನು ಆಳುವ ಕವಾಟದ ಮೇಲೆ, ಇಲ್ಲವೆ ಕಾಲಿನ ಸುದ್ದಿ ಮುಟ್ಟಿಸುವ ಕೇಬಲ್ಲು, ನಳಿಕೆ ಅಥವಾ ಥ್ರಾಟಲ್ ಸೆನ್ಸರಿನ ಮೇಲೆ. ಸೆನ್ಸರು ಒಂದು ಸ್ಥಾನದಲ್ಲಿ ಸವೆದಿದ್ದರೆ ಹಗುರವಾಗಿ ತುಳಿದರೂ ಗಣಕಕ್ಕೆ ಬಲವಾಗಿ ತುಳಿದಂತೆ ತೋರಬಹುದು. ತಣ್ಣಗಿದ್ದಾಗ ಮಾತ್ರ ಒದೆದರೆ ಎಣ್ಣೆಯ ಹಳಮೆ, ಅದರ ಜಾತಿ, ಗಡುಸಾದ ಸೀಲುಗಳು ನೆನಪಾಗಬೇಕು. ನಿಂತ ಗಾಡಿಯನ್ನು ಗೇರಿಗೆ ಹಾಕಿದ ಕೂಡಲೆ ಧಡ್ ಎಂದರೆ ಇಂಜಿನಿನ ನಿಂತೋಟದ ವೇಗ ಹೆಚ್ಚಾಗಿರಬಹುದು, ಅಥವಾ ಇಂಜಿನನ್ನು ಹೊತ್ತ ರಬ್ಬರು ಮೌಂಟುಗಳು ಹರಿದಿರಬಹುದು, ಗೇರುಪೆಟ್ಟಿಗೆ ನಿರಪರಾಧಿಯಾಗಿದ್ದೀತು.

ಬರವಣಿಗೆಯ ಜೊತೆಗೆ ಎಣ್ಣೆಯ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ, ಗಾಲಿಗೆ ಅಡ್ಡಗಲ್ಲು ಕೊಟ್ಟು, ಕೈಬ್ರೇಕು ಎಳೆದು, ಗಾಡಿಯನ್ನು ಚೆನ್ನಾಗಿ ಬಿಸಿಮಾಡಿದ ಮೇಲೆ ಕಡ್ಡಿಯನ್ನು ಎಳೆದು ನೋಡಬೇಕು. ಅನೇಕ ಗಾಡಿಗಳಲ್ಲಿ ಇಂಜಿನು ಓಡುತ್ತಿರುವಾಗಲೇ ಅಳೆಯಬೇಕು; ಕೆಲವಕ್ಕೆ ನಿಲ್ಲಿಸಿದ ಕೂಡಲೆ ಅಳೆಯಬೇಕು; ಕೆಲವು ಗಾಡಿಗಳಿಗೆ ಕಡ್ಡಿಯೇ ಇಲ್ಲ. ಗಾಡಿಯ ಕೈಪಿಡಿಯ ಮಾತೇ ಇಲ್ಲಿ ವೇದವಾಕ್ಯ. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಾಗಿರುತ್ತದೆ. ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಬಿಲ್ಲೆಗಳು ಬೆಂದಿವೆ. ಹಾಲು ಬೆರೆಸಿದ ಗುಲಾಬಿ ಷರಬತ್ತಿನಂತೆ ಕಂಡರೆ ನೀರು ಸೇರಿದೆ. ರಸ್ತೆಯ ಮೇಲೆ ಹಳ್ಳ ಹರಿಯುವ ಮಲೆನಾಡಿನ ಸೀಮೆಯಲ್ಲಿ ಇದನ್ನು ಮರೆಯಬಾರದು. ಎಣ್ಣೆ ಕಡಿಮೆಯಾಗಿದ್ದರೆ ಪಂಪು ಗಾಳಿಯನ್ನು ಎಳೆದು ಒತ್ತಡ ಏರುಪೇರಾಗುತ್ತದೆ. ಕೈಗೆ ಸಿಕ್ಕಿದ ಎಣ್ಣೆಯನ್ನು ಸುರಿಯುವುದಂತೂ ಸಲ್ಲದು. ಬಿಲ್ಲೆಗಳ ಹಿಡಿತ ಎಣ್ಣೆಯ ಗುಣವನ್ನೇ ಅವಲಂಬಿಸಿರುವುದರಿಂದ, ತಪ್ಪು ಜಾತಿಯ ಎಣ್ಣೆಯೊಂದೇ ಒದೆತಕ್ಕೆ ಸಾಕು.

ಇನ್ನೊಂದು ಎಚ್ಚರಿಕೆ. ಕ್ಲಚ್ಚಿಲ್ಲದ ಗಾಡಿಗಳೆಲ್ಲವೂ ಒಂದೇ ಬಗೆಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶದಲ್ಲಿ ಜನಪ್ರಿಯವಾದ ಎ.ಎಂ.ಟಿ. ಬಗೆಯಲ್ಲಿ ಟಾರ್ಕ್ ಕನ್ವರ್ಟರೂ ಇಲ್ಲ, ಗ್ರಹಗಾಲಿಗಳೂ ಇಲ್ಲ. ಸಾಧಾರಣ ಗೇರುಪೆಟ್ಟಿಗೆಯ ಕ್ಲಚ್ಚನ್ನೇ ಯಂತ್ರವೊಂದು ತುಳಿಯುತ್ತದೆ. ಅದರ ತೂಗಾಟಕ್ಕೆ ಕಾರಣಗಳು ಬೇರೆ. ಗಾಡಿ ಯಾವ ಬಗೆಯದೆಂದು ತಿಳಿಯದೆ ಮಾಡಿದ ಚಿಕಿತ್ಸೆ ಹೆಸರು ಕೇಳದೆ ಕೊಟ್ಟ ಔಷಧದಂತೆ.

ಎರಡು ವಾರಗಳ ಬಳಿಕ ಹಾಲಿನ ಪುಸ್ತಕ ಸೊರಬಕ್ಕೆ ಬಂದಿತು. ಒದೆತಗಳು ಹನ್ನೊಂದು. ಗೇರು ಬೇರೆ ಬೇರೆ; ಇಂಜಿನು ಕೆಲವೊಮ್ಮೆ ತಣ್ಣಗೆ, ಕೆಲವೊಮ್ಮೆ ಬಿಸಿ. ಎಣ್ಣೆ ಕೆಂಪಾಗಿದೆ, ಅಳತೆಯೂ ಸರಿ. ಆದರೆ ಹನ್ನೊಂದರಲ್ಲಿ ಒಂಬತ್ತು ಸಲ ದೀಪವೂ ವೈಪರೂ ಒಟ್ಟಿಗೆ ನಡೆಯುತ್ತಿದ್ದವು.

“ಇವರು ಮಳೆಯ ದೋಷ ಎನ್ನುತ್ತಾರೆ. ನನಗೆ ದೀಪದ ಮೇಲೆ ಅನುಮಾನ,” ಎಂದರು ಮೇಷ್ಟ್ರ ಪತ್ನಿ. “ಒಂದು ಸಂಜೆ ಮಳೆಯಿರಲಿಲ್ಲ, ದೀಪ ಹಾಕಿದ ಮೇಲೆ ಒದೆಯಿತು.”

“ಅಮ್ಮಾ, ಅರ್ಧ ಕೆಲಸ ತಾವೇ ಮಾಡಿಬಿಟ್ಟಿರಿ,” ಎಂದನು ಶಿಷ್ಯ.

ಅವನು ಇಂಜಿನು ಓಡಿಸಿ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಗೇರುಪೆಟ್ಟಿಗೆಯ ಮೈಗೂ ಮುಟ್ಟಿಸಿದನು. ಇವೆರಡರ ನಡುವೆ 0.2 ವೋಲ್ಟಿಗಿಂತ ಹೆಚ್ಚು ಅಂತರ ಇರಬಾರದು. ದೀಪಗಳನ್ನು ಹಚ್ಚಿದೊಡನೆ ಮುಳ್ಳು 0.7 ತೋರಿಸಿತು. ಇಂಜಿನನ್ನೂ ಗಾಡಿಯ ಮೈಯನ್ನೂ ಕೂಡಿಸುವ ಅರ್ತಿಂಗ್ ಪಟ್ಟಿಯ ಬೋಲ್ಟನ್ನು ಬಿಚ್ಚಿದಾಗ ಅದರ ಕೆಳಗೆ ಹಸಿರು ಕಿಲುಬು. ಹೆಣೆದ ತಂತಿಯಲ್ಲಿ ಅರ್ಧ ಹರಿದಿತ್ತು. ಭಾರ ಹೆಚ್ಚಿದಾಗ ಹಿಂದಿರುಗುವ ವಿದ್ಯುತ್ತಿಗೆ ದಾರಿ ಸಾಲದೆ, ಗಣಕದ ಲೆಕ್ಕ ತಪ್ಪುತ್ತಿತ್ತು, ಸೊಲೆನಾಯ್ಡಿಗೆ ಸಲ್ಲಬೇಕಾದ ಪಾಲು ಕುಗ್ಗುತ್ತಿತ್ತು; ಪಾಲು ಕುಗ್ಗಿದಾಗ ಎಣ್ಣೆಯ ಒತ್ತಡ ಏರುತ್ತಿತ್ತು. ಹೊಸ ಪಟ್ಟಿ ಹಾಕಿ, ಕೂಡುವ ಜಾಗವನ್ನು ತೀಡಿ, ಮತ್ತೆ ಅಳೆದಾಗ ಅಂತರ 0.1ಕ್ಕೂ ಕೆಳಗಿಳಿಯಿತು.

ಎಲ್ಲ ಗಾಡಿಗಳ ಕಥೆಯೂ ಹೀಗೆ ಅಗ್ಗದಲ್ಲಿ ಮುಗಿಯಲಾರದು. ತಂತಿಯ ಜೋಡಣೆಗಳೆಲ್ಲ ಸರಿಯಿದ್ದರೆ ಗಣಕದಲ್ಲಿ ಉಳಿದ ದೋಷಸಂಕೇತಗಳನ್ನು ಓದಿಸಬೇಕು. ಎಚ್ಚರಿಕೆಯ ದೀಪ ಉರಿಯದಿದ್ದರೂ ಸಂಕೇತ ಅಡಗಿರುವುದುಂಟು. ಅದರಿಂದಲೂ ತಿಳಿಯದಿದ್ದರೆ ಎಣ್ಣೆಯ ಒತ್ತಡವನ್ನು ಗೇಜಿನಿಂದ ಅಳೆಯಿಸಬೇಕು. ಪೆಟ್ಟಿಗೆಯನ್ನು ಇಳಿಸುವುದು ಕಟ್ಟಕಡೆಯ ಹೆಜ್ಜೆ. ಇಂಜಿನು ಕೂಗಿದರೂ ಗಾಡಿ ವೇಗ ಹಿಡಿಯದಿದ್ದರೆ ಮಾತ್ರ ಬಿಲ್ಲೆ ಜಾರುತ್ತಿದೆಯೆಂದು ತಿಳಿದು, ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಅಂಥ ಗಾಡಿಯನ್ನು ಎಳೆಸುವಾಗ ಇಂಜಿನು ತಿರುಗಿಸುವ ಗಾಲಿಗಳು ನೆಲದ ಮೇಲೆ ಉರುಳಕೂಡದು. ಇಂಜಿನು ನಿಂತಾಗ ಪಂಪೂ ನಿಂತಿರುವುದರಿಂದ ಒಳಗೆ ಎಣ್ಣೆ ಹರಿಯದು.

ಸೊರಬವು ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರು. ಗಂಧದ ತುಂಡು ಕೈಗೆ ಬಂದಾಗ ಮರದ ಎಳೆ ಯಾವ ಕಡೆಗೆ ಓಡಿದೆಯೆಂದು ನೋಡದೆ ಉಳಿಯನ್ನು ಊರಿದರೆ ತುಂಡೇ ಸೀಳಿಹೋಗುತ್ತದೆ. ಯಂತ್ರಕ್ಕೂ ಇಂಥ ಎಳೆಯೊಂದುಂಟು.

ಮೇಷ್ಟ್ರು ಅಂದು ಬೇಕೆಂದೇ ಕತ್ತಲಾಗುವವರೆಗೆ ಮಗಳ ಮನೆಯಲ್ಲಿ ಕುಳಿತಿದ್ದು, ಮಳೆ ಹಿಡಿದ ಮೇಲೆ ಹೊರಟರು. ರೋಗ ಬಂದ ಸನ್ನಿವೇಶದಲ್ಲೇ ಗುಣವನ್ನೂ ಪರೀಕ್ಷಿಸಬೇಕೆಂದು ಶಿಷ್ಯನ ಅಪ್ಪಣೆಯಾಗಿತ್ತು. ದೀಪ ಹತ್ತಿತು, ವೈಪರು ಆಡಿತು. ಶಿರಾಳಕೊಪ್ಪ ದಾಟಿತು, ಒಂದು ಒದೆತವೂ ಇಲ್ಲ. ಶಿಕಾರಿಪುರದ ದೀಪಗಳು ಕಾಣಿಸಿದಾಗ ಪತ್ನಿ ಹಾಲಿನ ಪುಸ್ತಕವನ್ನು ತೆರೆದು ಅಂದಿನ ತಾರೀಖನ್ನು ಬರೆದರು. ಅದರ ಮುಂದೆ ಒಂದು ಸೊನ್ನೆ ಹಾಕಿದರು.

“ನಿಮ್ಮ ಜೀವಮಾನದಲ್ಲಿ ಸೊನ್ನೆ ಕಂಡು ಇಷ್ಟು ಹಿಗ್ಗಿದ್ದನ್ನು ನಾನು ಕಾಣೆ,” ಎಂದರು ಮೇಷ್ಟ್ರ ಮುಖ ನೋಡಿ.

“ಇನ್ನೂ ಹದಿನೈದು ದಿನ ಬರೆ,” ಎಂದರು ಮೇಷ್ಟ್ರು. “ಒಂದು ಸೊನ್ನೆಯಿಂದ ಸಿದ್ಧಾಂತವಾಗುವುದಿಲ್ಲ.”