ಬಯಲಿನ ಹಾಡಿಗೆ ಮಕ್ಕಳೂ ಬರಲಿ

ಭಾನುವಾರದ ಬಲಿಪೂಜೆಯ ಬಳಿಕ ಉಳಿಯುವ ದಿನವನ್ನು ನಮ್ಮ ಕುಟುಂಬಗಳು ಹೇಗೆ ಕಳೆಯುತ್ತಿವೆ? ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯು ತಿಂಗಳ ಮೊದಲ ಭಾನುವಾರ ಸಂಜೆ ಕೊಂಕಣಿ ಹಾಡು, ನಾಟಕಗಳ ವೇದಿಕೆಯನ್ನು 2002ರಿಂದ ನಡೆಸುತ್ತ ಬಂದಿದೆ. ತೆರೆದ ಆಕಾಶದಡಿಯ ಆ ಸಂಜೆಗೆ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹಿರಿಯರಷ್ಟೇ ಹೋಗುವುದು ಸರಿಯಲ್ಲ. ಪಾಠದ ನೆಪವನ್ನು ಪರೀಕ್ಷೆಯ ತಿಂಗಳಿಗಷ್ಟೇ ಒಪ್ಪಬಹುದು.

ಅಜ್ಜಿ ಕೊಂಕಣಿಯಲ್ಲಿ ಕೇಳಿದ್ದಕ್ಕೆ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಿ ಹಿರಿಯ ಹೆಂಗಸರು ವೊವಿಯೊ ಹಾಡುತ್ತಿದ್ದರು. ಇಂದು ಅನೇಕ ಕಡೆ ಡಿ.ಜೆ. ಪೆಟ್ಟಿಗೆಗಳು ಅಬ್ಬರಿಸುತ್ತವೆ. ತೆಂಗಿನ ಹಾಲು ಹಚ್ಚುವ ಶಾಸ್ತ್ರ ಮಾತ್ರ ಉಳಿದು ಅದರ ಹಾಡು ಮರೆತುಹೋದರೆ ವಧೂವರರನ್ನು ಹರಸುವ ಮಾತೇ ಇಲ್ಲವಾಗುತ್ತದೆ.

ಗುಮಟೆಯದು ಬೇರೆ ಕಥೆ. ಮಣ್ಣಿನ ಗಡಿಗೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಉಡಕ್ಕೆ ರಕ್ಷಣೆ ನೀಡಿದೆ, ಅದು ಯೋಗ್ಯವೇ. ಈಗ ಆಡಿನ ಚರ್ಮದ ಗುಮಟೆಗಳಿವೆ. ನಾದ ಮೊದಲಿನಂತಿಲ್ಲವೆಂದು ಕೊರಗುವುದಕ್ಕಿಂತ ಅದನ್ನು ಬಾರಿಸಲು ಎಳೆಯರಿಗೆ ಕಲಿಸುವುದು ಲೇಸು.

2008ರ ಜನವರಿ 26 ಮತ್ತು 27ರಂದು ಇದೇ ಸಂಸ್ಥೆಯ ಮುಂದಾಳುತನದಲ್ಲಿ ಕೊಂಕಣಿ ಹಾಡುಗಳನ್ನು 40 ಗಂಟೆ ನಿರಂತರ ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಜಪಸರದ ಬಳಿಕ ಮನೆಯಲ್ಲಿ ಒಂದು ಹಾಡನ್ನಾದರೂ ಪೂರ್ತಿ ಹಾಡಬಲ್ಲ ಮಕ್ಕಳು ಎಷ್ಟು ಮಂದಿ?

ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ವಾಳೆಯ ಗುರಿಕಾರರು ಒಂದು ಬಸ್ಸು ಗೊತ್ತುಮಾಡಲಿ. ಹಿಂದಿರುಗುವಾಗ ಬಸ್ಸಿನಲ್ಲಿ ಮಕ್ಕಳೇ ಹಾಡಲಿ, ಚಾಲಕರ ಪೆಟ್ಟಿಗೆ ಸುಮ್ಮನಿರಲಿ.