ಗರ್ಭಕೋಶದ ಶಸ್ತ್ರಕ್ರಿಯೆ: ಅಗತ್ಯವೆಷ್ಟು, ಆತುರವೆಷ್ಟು?

ಶಹಾಬಾದಿನ ಬಳಿಯ ಭಂಕೂರದಿಂದ ಮೊದಲ್ಗೊಂಡು ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳವರೆಗೆ ಹಬ್ಬಿರುವ ಈ ಕಲ್ಲುನೆಲದಲ್ಲಿ, ಹಾಸುಗಲ್ಲು ಹೊತ್ತೋ ತೊಗರಿಹೊಲದ ಕಳೆ ತೆಗೆದೋ ದಣಿದ ಹೆಣ್ಣುಮಗಳೊಬ್ಬಳು ಸೊಂಟನೋವು, ಬಿಳಿಸೆರಗು ಎಂದು ಪಟ್ಟಣದ ದವಾಖಾನೆಯ ಮೆಟ್ಟಿಲೇರಿದಾಗ, ಸ್ಕ್ಯಾನಿಂಗಿನ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು “ಚೀಲ ಕೆಟ್ಟದ, ತೆಗೀಬೇಕು; ಬಿಟ್ರ ಕ್ಯಾನ್ಸರ್ ಆಗ್ತದ” ಎಂದುಬಿಡುವುದು ಎಷ್ಟು ಸುಲಭವೋ, ಆ ಮಾತನ್ನು ಪ್ರಶ್ನಿಸುವುದು ಅವಳಿಗೆ ಅಷ್ಟೇ ದುಷ್ಕರ.

ಇದು ಬರಿಯ ಊಹೆಯಲ್ಲ. 2015ರಲ್ಲಿ ಇದೇ ಕಲಬುರಗಿ ಜಿಲ್ಲೆಯಲ್ಲಿ ಈ ವಿಷಯವಾಗಿ ತನಿಖೆ ನಡೆದಾಗ 2,258 ಸ್ತ್ರೀಯರ ಗರ್ಭಕೋಶವನ್ನು ತೆಗೆದಿದ್ದ ಲೆಕ್ಕ ಹೊರಬಿದ್ದಿತು. ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಬಡವೆಯರೇ ಅವರಲ್ಲಿ ಹೆಚ್ಚು. ನಾಲ್ವತ್ತು ದಾಟದವರೂ ಅನೇಕರು. ನಾಲ್ಕು ಖಾಸಗಿ ಆಸ್ಪತ್ರೆಗಳ ಪರವಾನಗಿಯನ್ನು ರದ್ದುಪಡಿಸಿದ್ದೂ ಆಯಿತು. ಆದರೂ 2017ರಲ್ಲಿ ಆ ಸ್ತ್ರೀಯರೇ ಕಲಬುರಗಿಯ ಬೀದಿಗಿಳಿದು ನ್ಯಾಯ ಕೇಳಬೇಕಾಯಿತೆಂಬುದನ್ನು ನೆನೆದರೆ, ರದ್ದತಿಯ ಕಾಗದಕ್ಕೆ ಎಷ್ಟು ತೂಕವಿತ್ತೆಂಬುದು ತಿಳಿಯುತ್ತದೆ.

ಹಾಗೆಂದು ಶಸ್ತ್ರಕ್ರಿಯೆಯನ್ನೇ ದೂಷಿಸುವುದು ಅವಿವೇಕ. ಅರ್ಬುದರೋಗ ಖಚಿತವಾದಾಗ, ಹೆರಿಗೆಯ ಬಳಿಕ ರಕ್ತಸ್ರಾವ ಯಾವ ಉಪಾಯಕ್ಕೂ ನಿಲ್ಲದಿದ್ದಾಗ, ದೊಡ್ಡ ನಾರುಗಡ್ಡೆಗಳಿಂದ ತಿಂಗಳು ತಿಂಗಳೂ ರಕ್ತ ಹರಿದು ದೇಹ ಬಿಳಿಚಿಕೊಂಡಾಗ, ಗರ್ಭಕೋಶ ಕೆಳಗೆ ಜಾರಿ ನಡೆಯುವುದೇ ಕಷ್ಟವಾದಾಗ ಇದು ಪ್ರಾಣವನ್ನೋ ನೆಮ್ಮದಿಯನ್ನೋ ಉಳಿಸುವ ವಿದ್ಯೆ. ಎಲ್ಲವನ್ನೂ ತಿಳಿದು, ಬೇರೆ ದಾರಿಗಳನ್ನು ತೂಗಿ, ತಾನೇ ಇದನ್ನು ಬಯಸುವ ಸ್ತ್ರೀಯ ನಿರ್ಧಾರವನ್ನು ಪ್ರಶ್ನಿಸಲು ನಾವು ಯಾರು? ಆದರೆ ಬಿಳಿಸೆರಗು ಹಲವು ವೇಳೆ ಸೋಂಕಿನ ಲಕ್ಷಣ, ಮಾತ್ರೆಗಳಿಗೆ ಬಗ್ಗುವಂಥದು. ಅತಿಸ್ರಾವಕ್ಕೂ ಔಷಧಗಳುಂಟು, ಒಳಗಿರಿಸುವ ಹಾರ್ಮೋನಿನ ಸಾಧನವುಂಟು. ಕ್ಯಾನ್ಸರಿನ ಶಂಕೆಯಿದ್ದರೆ ಗರ್ಭಕಂಠದ ಪರೀಕ್ಷೆಯೂ ಒಳಪದರದ ಚೂರು ತೆಗೆದು ನೋಡುವ ಕ್ರಮವೂ ಉಂಟು. ಇವೊಂದನ್ನೂ ಮಾಡದೆ ಕ್ಯಾನ್ಸರಿನ ಹೆಸರು ಹೇಳುವುದು ವೈದ್ಯವಲ್ಲ, ಬೆದರಿಕೆ. ಬೆದರಿ ಹಾಕಿದ ಹೆಬ್ಬೆಟ್ಟಿಗೆ ಸಮ್ಮತಿಯೆಂಬ ಹೆಸರೂ ಸಲ್ಲದು.

ಇನ್ನು ಅಪಾಯಗಳ ಮಾತು. ರಕ್ತಸ್ರಾವ, ಸೋಂಕು, ಮೂತ್ರಕೋಶಕ್ಕೋ ಮೂತ್ರನಾಳಕ್ಕೋ ಗಾಯ, ಇವು ಕೂಡಲೇ ಕಾಣಬಹುದಾದವು. ಮೂವತ್ತರ ಪ್ರಾಯದಲ್ಲಿ ಅಂಡಾಶಯಗಳನ್ನೂ ತೆಗೆದುಬಿಟ್ಟರೆ ಋತುಬಂಧ ಒಮ್ಮೆಗೇ ಬಂದೆರಗುತ್ತದೆ. ಮುಂದೆ ಮೂಳೆ ಸವೆಯುವ, ಹೃದ್ರೋಗ ತಗಲುವ ಸಂಭವವೂ ಹೆಚ್ಚುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಋತುಬಂಧ ಬೇಗನೆ ಬರಬಹುದು. ಕಲ್ಲು ಹೊತ್ತು ಬದುಕುವವಳಿಗೆ ಮೂಳೆಯ ಬಲವೇ ಅನ್ನವೆಂಬುದನ್ನು ಚಾಕು ಹಿಡಿದವರು ನೆನೆಯುವುದುಂಟೋ ಇಲ್ಲವೋ!

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಸ್ತ್ರೀಯರದೂ ಇದೇ ಕಥೆ. ರಾಜಸ್ಥಾನದ ವೈದ್ಯ ನರೇಂದ್ರ ಗುಪ್ತರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲಿನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರಚಿಸಿದ ಮಾರ್ಗಸೂಚಿಯನ್ನು ರಾಜ್ಯಗಳೆಲ್ಲವೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಆಜ್ಞಾಪಿಸಿತು. ಜಿಲ್ಲೆಗೊಂದು ಉಸ್ತುವಾರಿ ಸಮಿತಿ ಇರಬೇಕೆಂಬುದೂ ಆ ಮಾರ್ಗಸೂಚಿಯಲ್ಲಿ ಸೇರಿದೆ. ನಮ್ಮ ಜಿಲ್ಲೆಯ ಸಮಿತಿಯು ಯಾವ ಆಸ್ಪತ್ರೆಯಲ್ಲಿ, ಯಾವ ವಯಸ್ಸಿನವರಿಗೆ, ಯಾವ ಕಾರಣಕ್ಕೆ ಎಷ್ಟು ಶಸ್ತ್ರಕ್ರಿಯೆಗಳಾದುವೆಂಬ ಲೆಕ್ಕವನ್ನು ಹೆಸರುಗಳನ್ನು ಮರೆಮಾಡಿ ವರ್ಷವರ್ಷವೂ ಪ್ರಕಟಿಸಲಿ. ತುರ್ತಿಲ್ಲದ ಪ್ರಸಂಗದಲ್ಲಿ, ಮನೆಯವರು ಹಣ ಹೊಂದಿಸುವ ಮುನ್ನ ಸ್ಕ್ಯಾನಿಂಗಿನ ಕಾಗದಗಳನ್ನು ಕೇಳಿ ಪಡೆದು, ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೋ, ಕಾರ್ಖಾನೆಯ ಇಎಸ್ಐ ಕಾರ್ಡು ಇದ್ದವರಾದರೆ ಇಎಸ್ಐ ಆಸ್ಪತ್ರೆಯಲ್ಲಿಯೋ ಇನ್ನೊಬ್ಬ ವೈದ್ಯರಿಗೆ ತೋರಿಸಲಿ.